ಕೀಲಿ ಹಾಕಿದ ಕೋಣೆಯ ಕಂಪ್ಯೂಟರ್

ತಮ್ಮಾ, ಈ ಸಲ ಶಾಲೆ ತೆರೆಯುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್‌ಗಳು ನಿನ್ನ ಹೆಗಲಿಗೆ ಬರುತ್ತವೆ. ಸ್ಕ್ರೂಡ್ರೈವರ್, ಕ್ರಿಂಪಿಂಗ್ ಟೂಲ್, ಪೆನ್‌ಡ್ರೈವ್ ಎಲ್ಲ ಚೀಲದಲ್ಲಿವೆ ಎಂದೆ. ಮಲ್ಟಿಮೀಟರ್ ಒಂದನ್ನೂ ಸೇರಿಸಿಕೋ. ಶಾಲೆಗೆ ಹೋದವನೇ ಸಿಪಿಯು ಬಿಚ್ಚಲು ಕೂಡಬೇಡ. ಗೋಡೆಯ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಎಷ್ಟು ವೋಲ್ಟೇಜ್ ಇದೆ ಎಂದು ಮೊದಲು ಅಳೆ. ಎರಡು ಮೂರು ವೋಲ್ಟಿನೊಳಗೆ ಇದ್ದರೆ ಯಂತ್ರದ ಕಡೆ ತಿರುಗು. ಹತ್ತು, ಇಪ್ಪತ್ತು ತೋರಿಸಿದರೆ ರೋಗ ಕಂಪ್ಯೂಟರಿನಲ್ಲಿಲ್ಲ, ನೆಲದಲ್ಲಿದೆ.

ನಮ್ಮ ಎರಿ ನೆಲದ ಗುಣ ನಿನಗೆ ಗೊತ್ತು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹಸಿಯಾಗಿದ್ದಾಗ ಅರ್ಥಿಂಗ್ ಪೈಪನ್ನು ಬಿಗಿಯಾಗಿ ಅಪ್ಪಿಕೊಂಡ ಮಣ್ಣು ಒಣಗಿದಾಗ ಅದರಿಂದ ದೂರ ಸರಿಯುತ್ತದೆ. ಆಗಸ್ಟಿನಲ್ಲಿ ಸರಿಯಾಗಿ ನಡೆದ ಲ್ಯಾಬ್ ಮಾರ್ಚಿನಲ್ಲಿ ಮುಟ್ಟಿದರೆ ಜುಮ್ಮೆನ್ನುವುದು ಇದಕ್ಕೇ. ಎಸ್‌ಎಂಪಿಎಸ್ ಬದಲಿಸಿ ಬಂದರೆ ಮುಂದಿನ ತಿಂಗಳು ಅದೂ ಹೋಗುತ್ತದೆ. ಅರ್ಥಿಂಗ್ ಗುಂಡಿಯ ಇದ್ದಿಲು, ಉಪ್ಪು ಹೊಸದು ಮಾಡಿಸು. ಸಂಕ್ರಾಂತಿ ಕಳೆದ ಮೇಲೆ ಅದಕ್ಕೆ ವಾರಕ್ಕೆರಡು ಕೊಡ ನೀರು ಹಾಕುವ ಜವಾಬ್ದಾರಿಯನ್ನು ಶಾಲೆಯಲ್ಲೇ ಒಬ್ಬರಿಗೆ ಒಪ್ಪಿಸು.

ಆದರೆ ಆ ಕೊಡದ ನೀರು ಯುಪಿಎಸ್ ಬ್ಯಾಟರಿಗೆ ಹೋಗದಂತೆ ನೋಡಿಕೋ. ನವಲಗುಂದದ ಕಡೆಯ ಬೋರ್ ನೀರು ಸವಳು, ಬ್ಯಾಟರಿಯ ಪ್ಲೇಟುಗಳನ್ನು ತಿನ್ನುತ್ತದೆ. ಡಿಸ್ಟಿಲ್ಡ್ ವಾಟರಿನ ಕ್ಯಾನ್ ಒಂದನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿಸು. ಏಪ್ರಿಲ್, ಮೇ ಸೂಟಿಯಲ್ಲಿ ಇನ್ನೊಂದು ಗಂಡಾಂತರವಿದೆ. ಅಡ್ಡಮಳೆಯ ಸಿಡಿಲಿಗೆ ಹೆದರಿ ಎಲ್ಲ ಪ್ಲಗ್ ಕಿತ್ತು ಹೋಗುತ್ತಾರೆ. ಅದು ಸರಿಯೇ, ಆದರೆ ಚಾರ್ಜ್ ಇಳಿದ ಬ್ಯಾಟರಿ ಹಾಗೇ ವಾರಗಟ್ಟಲೆ ನಿಂತರೆ ಸತ್ತೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಬಂದು, ಮೋಡವಿಲ್ಲದ ದಿನ ಪೂರ್ತಿ ಚಾರ್ಜ್ ಮಾಡಲಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅಲ್ಲಿಗೆ ಫೈಬರ್ ಕೇಳು. ಹತ್ತಿರ ಬಿದ್ದ ಸಿಡಿಲು ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ.

ಕಲಘಟಗಿಯ ಲೆಕ್ಕ ಬೇರೆ. ಅಲ್ಲಿ ಮಲೆನಾಡಿನ ಗಾಳಿ, ಗೋಡೆಯೆಲ್ಲ ತೇವ. ಮಳೆಗಾಲದಲ್ಲಿ ಆಫ್ ಆಗಿಯೇ ಕುಳಿತ ಯಂತ್ರದ ರ‍್ಯಾಮಿನ ಹಲ್ಲುಗಳಿಗೆ ಕಲೆ ಹಿಡಿಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹಲವು ‘ಸತ್ತ’ ಕಂಪ್ಯೂಟರ್‌ಗಳು ಎದ್ದು ಕೂಡುತ್ತವೆ. ದಿನಾ ನಡೆಯುವ ಯಂತ್ರಕ್ಕೆ ಅದರ ಬಿಸಿಯೇ ಔಷಧ.

ಇಲ್ಲಿಂದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಶಾಲೆಗಳಿಗೆ ಕಂಪ್ಯೂಟರ್ ಹೊಸದಲ್ಲ. ರಾಜ್ಯ ಸರ್ಕಾರದ ಮಾಹಿತಿ ಸಿಂಧು ಯೋಜನೆ ಬಂತು, ಕೇಂದ್ರ ಸರ್ಕಾರ 2004ರಲ್ಲಿ ಶುರುಮಾಡಿದ ಐಸಿಟಿ ಯೋಜನೆ ಬಂತು. ಕಂಪನಿಯವರು ಲ್ಯಾಬ್ ಕಟ್ಟಿ, ಐದು ವರ್ಷ ನಡೆಸಿ, ಶಾಲೆಗೆ ಒಪ್ಪಿಸಿ ಹೋಗುವ ಪದ್ಧತಿ. ಕಲಿಸುವವನೂ ಕಂಪನಿಯವನೇ ಆಗಿದ್ದರೆ ಐದನೇ ವರ್ಷದ ಮರುದಿನ ಆ ಕೋಣೆ ಅನಾಥವಾಗುತ್ತದೆ. ಉಳಿಯುವುದು ದಾಸ್ತಾನು ವಹಿಯ ಒಂದು ಸಾಲು ಮತ್ತು ಆ ಸಾಲಿಗೆ ಉತ್ತರ ಕೊಡಬೇಕಾದ ಮುಖ್ಯೋಪಾಧ್ಯಾಯರು. ಮಕ್ಕಳು ಮುಟ್ಟಿ ಕೆಟ್ಟರೆ ಆಡಿಟ್‌ನಲ್ಲಿ ಯಾರು ಉತ್ತರ ಹೇಳಬೇಕು? ಅದಕ್ಕೇ ಕೀಲಿ ಬೀಳುತ್ತದೆ. ಅವರನ್ನು ಹಳಿಯಬೇಡ, ಅವರ ಭಯ ನಿಜವಾದದ್ದು. ಅದನ್ನು ಇಳಿಸುವುದು ನಿನ್ನ ಕೆಲಸದ ದೊಡ್ಡ ಭಾಗ. ಪ್ರತಿ ಲ್ಯಾಬಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡು. ಯಾವ ಯಂತ್ರ, ಏನು ಕೆಟ್ಟಿತು, ಯಾವ ದಿನ, ಏನು ಬದಲಾಯಿತು ಎಂದು ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೆಟ್ಟದ್ದು ಕಾಗದದ ಮೇಲೆ ಬಂದರೆ ಅವರಿಗೆ ಧೈರ್ಯ ಬರುತ್ತದೆ, ಕೋಣೆ ತೆರೆಯುತ್ತದೆ.

‘ನೆಟ್ ಬಂದ್ ಬಿದ್ದೈತ್ರೀ, ಎಸ್‌ಎಟಿಎಸ್ ತೆರೀವಲ್ದು’ ಎಂದು ಫೋನ್ ಬಂದರೆ ಗಾಡಿ ಹತ್ತುವ ಮೊದಲು ಒಂದು ಪ್ರಶ್ನೆ ಕೇಳು: ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ? ಎಷ್ಟೋ ವರ್ಷ ಹಿಂದಿನದನ್ನು ಓದಿ ಹೇಳುತ್ತಾರೆ. ಮದರ್‌ಬೋರ್ಡಿನ ಮೂರು ವೋಲ್ಟಿನ ನಾಣ್ಯದಂಥ ಸೆಲ್ ಮುಗಿದಿರುತ್ತದೆ. ಗಡಿಯಾರ ತಪ್ಪಿದಾಗ ಬ್ರೌಸರ್ ಜಾಲತಾಣದ ಪ್ರಮಾಣಪತ್ರವನ್ನು ನಂಬುವುದಿಲ್ಲ. ತಾರೀಕನ್ನು ಫೋನಿನಲ್ಲೇ ಸರಿಮಾಡಿಸು, ಮುಂದಿನ ಸಲ ಸಿಆರ್2032 ಸೆಲ್ ಒಯ್ಯಿ.

ಇನ್ನು ಎಸ್‌ಎಟಿಎಸ್, ಅಂದರೆ ಮಕ್ಕಳ ದಾಖಲೆಯ ಜಾಲತಾಣದ ಪಾಸ್‌ವರ್ಡ್. ಲ್ಯಾಬ್ ಮುಚ್ಚಿದ ಶಾಲೆಯವರು ತಾಲ್ಲೂಕು ಊರಿನ ಸೈಬರ್ ಅಂಗಡಿಗೆ ಹೋಗಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟು ಬರುತ್ತಾರೆ. ಆ ಜಾಲತಾಣದೊಳಗೆ ಮಕ್ಕಳ ಜಾತಿ, ಹುಟ್ಟಿದ ದಿನ, ತಂದೆ ತಾಯಿಯ ವಿವರ ಎಲ್ಲ ಇರುತ್ತದೆ. ಇದು ನಾನು ಸಹಿಸಲಾರದ ಸಂಗತಿ. ಬೇರೇನೂ ಆಗದಿದ್ದರೂ ಪ್ರತಿ ಶಾಲೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ನಡೆಯುವಂತೆ ನೋಡಿಕೋ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳನ್ನು ಗುಜರಿಗೆ ಬರೆಯಿರಿ ಎಂದು ಯಾರಾದರೂ ಹೇಳಿದರೆ ತಡೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಕೆಲವು ವರ್ಷ ನಡೆಯುತ್ತವೆ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಮುಕ್ತ ತಂತ್ರಾಂಶದಲ್ಲೇ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಅವರಿಗೆ ಆಗುವುದು ಅಣ್ಣಿಗೇರಿಯ ಮಕ್ಕಳಿಗೂ ಆಗುತ್ತದೆ.

ನೀನೊಬ್ಬನೇ ಇಷ್ಟು ಊರು ತಿರುಗಲಾರೆ. ಪ್ರತಿ ಶಾಲೆಯಲ್ಲಿ ಎಂಟನೇ ತರಗತಿಯ ಇಬ್ಬರನ್ನು ಆರಿಸು, ಒಬ್ಬಳು ಹುಡುಗಿ ಇರಲೇಬೇಕು. ಹತ್ತನೇ ತರಗತಿಯವರು ಬೇಡ, ಅವರು ಮಾರ್ಚಿಗೆ ಹೋಗಿಬಿಡುತ್ತಾರೆ. ಕರೆಂಟಿನ ಕಡೆಗೆ ಆ ಇಬ್ಬರನ್ನು ಬಿಡಬೇಡ. ಕೇಬಲ್ಲಿನ ಎಂಟು ಎಳೆಗಳನ್ನು ಬಣ್ಣದ ಸಾಲಿನಲ್ಲಿ ಜೋಡಿಸಿ ಕ್ರಿಂಪ್ ಮಾಡುವುದು, ರ‍್ಯಾಮ್ ಉಜ್ಜುವುದು, ನೋಟ್‌ಬುಕ್ ಬರೆಯುವುದು ಕಲಿಸು. ಮೊದಲ ವಾರ ಕಲಘಟಗಿಯಿಂದ ಶುರುಮಾಡು, ಮಳೆ ಅಲ್ಲಿ ಮೊದಲು ಹಿಡಿಯುತ್ತದೆ. ಎರಿ ನೆಲದ ಊರುಗಳಿಗೆ ಆಮೇಲೆ ಹೋದರೂ ನಡೆಯುತ್ತದೆ.