ಪಟ್ಟಿ ಬಿಜಾಗ್ರಿ ಕತ್ತರಿಸುವ ಬಗೆ



ಈ ಪತ್ರಿಕೆಯ ಗಾಜಿನ ಪೆಟ್ಟಿಗೆಯ ಬಾಗಿಲನ್ನು ನೋಡಿರಿ. ಬಿಜಾಗ್ರಿಯ ಮೇಲೆ ಕಾಲು ಇಂಚು, ಕೆಳಗೆ ಕಾಲು ಇಂಚು ಖಾಲಿ ಬಿಟ್ಟಿದೆ. “ಅಳತಿ ತಪ್ಪೇತಿ” ಅಂತ ಕೆಲವರು ನಕ್ಕರು. ತಪ್ಪಿದ್ದು ಮೊದಲು. ಈಗಿನದು ಸರಿ ಐತಿ.

ಸಾದಾ ಬಾಗಿಲಿಗೆ ಎರಡು ಮೂರು ಸಣ್ಣ ಬಿಜಾಗ್ರಿ ಸಾಕು, ಅವನ್ನು ಕತ್ತರಿಸುವ ಪ್ರಶ್ನೆಯೇ ಇಲ್ಲ. ಪಟ್ಟಿ ಬಿಜಾಗ್ರಿ ಉದ್ದಕ್ಕೆ ಬರುತ್ತದೆ, ನಮಗೆ ಬೇಕಾದಷ್ಟು ಕತ್ತರಿಸಿಕೊಳ್ಳಬೇಕು. ಪಿಯಾನೋ ಎಂಬ ವಾದ್ಯದ ಮುಚ್ಚಳಕ್ಕೆ ಹಾಕುವುದರಿಂದ ಪಿಯಾನೋ ಬಿಜಾಗ್ರಿ ಅಂತಲೂ ಇದಕ್ಕೆ ಹೆಸರು. ನಾನಂತೂ ಪಿಯಾನೋ ಕಂಡಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದಾಗ ಹಾರ್ಮೋನಿಯಂ ಕಂಡೇನಿ, ಅಷ್ಟೇ.

ವರ್ಗದವರೆಲ್ಲ ರೊಕ್ಕ ಕೂಡಿಸಿ ಗದಗಿನಿಂದ 6 ಅಡಿ ಪಟ್ಟಿ ತಂದೆವು. ಬಾಗಿಲ ಎತ್ತರ 20 ಇಂಚು. ನಾನು ಬಡಿಗೇರ ಮನಿ ಹುಡುಗ ಅನ್ನೋ ಹಮ್ಮಿನಿಂದ ಸರಿಯಾಗಿ 20 ಇಂಚಿಗೆ ಗೀಟು ಹಾಕಿ ಗರಗಸ ಹಚ್ಚಿದೆ. ಗರಗಸ ತಗಡನ್ನು ಕಚ್ಚಿ ಹಿಡಿಯಿತು, ತುದಿ ಬಿಚ್ಚಿಕೊಂಡಿತು. ಹಾಗೇ ಕೂಡಿಸಿಬಿಟ್ಟೆ. ನಾಲ್ಕನೇ ದಿನ ಒಳಗಿನ ಕಡ್ಡಿ ಕೆಳಗೆ ಜಾರಿ ಬಾಗಿಲು ವಾಲಿತು. ಎರಡನೇ ವರ್ಗದ ಹುಡುಗಿಯೊಬ್ಬಳು ಓದಿಕೋತ ಅಲ್ಲೇ ನಿಂತಿದ್ದಳು. ಸರ್ ಓಡಿ ಬಂದು ಗಾಜು ಹಿಡಿದರು. ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ.

ರವಿವಾರ ಲಕ್ಷ್ಮೇಶ್ವರಕ್ಕೆ ಹೋಗಿ ಕಾಕಾನಿಗೆ ತೋರಿಸಿದೆ. ಕಾಕಾ ಬೈಯಲಿಲ್ಲ. “ಕಬ್ಬು ಎಲ್ಲಿ ಕಡೀತಿ, ಗೆಣ್ಣಿನ ಮ್ಯಾಲೋ ನಡುವೋ?” ಅಂತ ಕೇಳಿದ.

ಬಿಜಾಗ್ರಿಗೂ ಗೆಣ್ಣು ಇರುತ್ತವೆ. ಎರಡೂ ರೆಕ್ಕೆಯ ತಗಡನ್ನು ಒಂದು ಬಿಟ್ಟು ಒಂದರಂತೆ ಕಡ್ಡಿಗೆ ಸುತ್ತಿರುತ್ತಾರೆ. ಆ ಸುತ್ತೇ ಗೆಣ್ಣು. ಅದನ್ನು ಕೊಯ್ದರೆ ಹಿಡಿತ ಹೋಯಿತು. ಎರಡು ಗೆಣ್ಣಿನ ನಡುವಿನ ಸಂದಿಯಲ್ಲೇ ಕೊಯ್ಯಬೇಕು. ನಮ್ಮದರ ಒಂದು ಗೆಣ್ಣು ಮುಕ್ಕಾಲು ಇಂಚು. 26 ಗೆಣ್ಣಿಗೆ ಹತ್ತೊಂಬತ್ತೂವರೆ ಇಂಚು, 27ಕ್ಕೆ ಇಪ್ಪತ್ತೂಕಾಲು. ಬಾಗಿಲಿಗಿಂತ ಹೆಚ್ಚಾಗಬಾರದು, ಅದಕ್ಕೇ 26. ನಾನು ಕೊಯ್ದಿದ್ದು 27ನೇ ಗೆಣ್ಣಿನ ಹೊಟ್ಟೆಗೆ!

ಗರಗಸದ ಬ್ಲೇಡೂ ತಪ್ಪಿತ್ತು. ಇಂಚಿಗೆ 18 ಹಲ್ಲಿನದು ದಪ್ಪ ಕಬ್ಬಿಣಕ್ಕೆ. ತೆಳು ತಗಡು ಅದರ ಎರಡು ಹಲ್ಲಿನ ನಡುವೆ ಸಿಕ್ಕಿಬೀಳುತ್ತದೆ. 32 ಹಲ್ಲಿನದು ಬೇಕು. ಹಲ್ಲಿನ ಮೊನೆ ಮುಂದಕ್ಕೆ ಇರಬೇಕು, ದೂಡುವಾಗ ಕೊಯ್ಯುತ್ತದೆ. ಬಿಜಾಗ್ರಿ ಮಡಚಿ, ಎರಡು ಕಟ್ಟಿಗೆ ಪಟ್ಟಿಯ ನಡುವೆ ಹಿಡಿದು ವೈಸಿನಲ್ಲಿ ಬಿಗಿದರೆ ತಗಡು ನಡುಗುವುದಿಲ್ಲ. ಗರಗಸ ಸ್ವಲ್ಪ ಓರೆ ಹಿಡಿದರೆ ಹೆಚ್ಚು ಹಲ್ಲು ತಾಗುತ್ತವೆ. ಗೀಟು ಹಾಕುವ ಮೊದಲು ಸ್ಕ್ರೂ ತೂತು ತುದಿಗೇ ಬರುತ್ತದೋ ಏನು ನೋಡಿಕೊಳ್ಳಬೇಕು.

ಕೊಯ್ದ ಮೇಲೆ ಅರದಿಂದ ಅಂಚು ಉಜ್ಜಬೇಕು, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಕೊನೆಗೆ ತುದಿಯ ಗೆಣ್ಣಿನ ಬಾಯಿಯನ್ನು ಸುತ್ತಿಗೆಯಿಂದ ಸಣ್ಣಗೆ ಬಡಿದು ಕಡ್ಡಿಗೆ ಬಿಗಿ ಮಾಡಬೇಕು. ಜೋರಾಗಿ ಬಡಿದರೆ ಬಿಜಾಗ್ರಿ ತಿರುಗುವುದಿಲ್ಲ. ನಮ್ಮದರ ಕಡ್ಡಿ ಜಾರಿದ್ದು ಇದನ್ನು ಮಾಡದ್ದಕ್ಕೇ.

ನನ್ನ ತಪ್ಪಿನಿಂದ ಒಂದು ಗೆಣ್ಣು ಹಾಳಾಯಿತು. ಇನ್ನೂ 69 ಉಳಿದಿವೆ. ನಮ್ಮ ಶಾಲೆಯ ಪುಸ್ತಕದ ಪೆಟ್ಟಿಗೆಯ ಮುಚ್ಚಳ 25 ಇಂಚು ಐತಿ. ಅದಕ್ಕೆ ಎಷ್ಟು ಗೆಣ್ಣು ಕೊಯ್ಯಬೇಕು? ಲೆಕ್ಕ ಮಾಡಿ ಚೀಟಿ ಬರೆದು ಶುಕ್ರವಾರದೊಳಗೆ ನನ್ನ ಕೈಯಾಗ ಕೊಡ್ರಿ. ಶನಿವಾರ ಕಾಕಾ ವೈಸು ತರುತ್ತಾನೆ.