ಹೊಣೆ ಯಾರದು?

1957ನೆಯ ಇಸವಿಯ ಡಿಸೆಂಬರ್ 16ರಂದು ರಾಯಬರೇಲಿಯ ಸದಸ್ಯರಾದ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಮಾತನಾಡಲು ಎದ್ದು ನಿಂತರು. ಅವರು ಆಳುವ ಪಕ್ಷವಾದ ಕಾಂಗ್ರೆಸ್ಸಿಗೆ ಸೇರಿದವರು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರ ಅಳಿಯ. ಆದರೂ ಅಂದು ಅವರ ಪ್ರಶ್ನೆಗಳಿಗೆ ಗುರಿಯಾದುದು ಅವರದೇ ಪಕ್ಷದ ಸರಕಾರ. ಜೀವ ವಿಮಾ ನಿಗಮವು ಕಲ್ಕತ್ತೆಯ ಉದ್ಯಮಿಯೊಬ್ಬನ ಷೇರುಗಳನ್ನು ಏಕೆ ಕೊಂಡಿತು? ಕೊಳ್ಳುವಂತೆ ಹೇಳಿದವರು ಯಾರು? ಇವು ಅವರ ಪ್ರಶ್ನೆಗಳಾಗಿದ್ದವು.

ಪ್ರಶ್ನೆಯ ಗುರುತ್ವವನ್ನು ಅರಿಯಬೇಕಾದರೆ ನಿಗಮದ ಸ್ವರೂಪವನ್ನು ತಿಳಿಯಬೇಕು. 1956ಕ್ಕೆ ಮೊದಲು ಜೀವವಿಮೆಯು ಖಾಸಗಿ ಸಂಸ್ಥೆಗಳ ಕೈಯಲ್ಲಿತ್ತು. ಅವುಗಳಲ್ಲಿ ಕೆಲವು ಜನರ ಹಣವನ್ನು ದುರುಪಯೋಗ ಮಾಡಿದವು. ಆದ್ದರಿಂದ ಸರಕಾರವು 245 ಸಂಸ್ಥೆಗಳ ಜೀವವಿಮಾ ವ್ಯವಹಾರವನ್ನು ವಹಿಸಿಕೊಂಡು, ಆ ವರ್ಷದ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮವನ್ನು ಸ್ಥಾಪಿಸಿತು. ಗುಮಾಸ್ತನು, ಶಾಲೆಯ ಉಪಾಧ್ಯಾಯನು, ಚಿಕ್ಕ ಅಂಗಡಿಯ ವರ್ತಕನು ತನ್ನ ಕಾಲಾನಂತರ ಮಡದಿ ಮಕ್ಕಳು ಬೀದಿಪಾಲಾಗದಿರಲೆಂದು ಕಟ್ಟುವ ಕಂತುಗಳೇ ಈ ನಿಗಮದ ಬಂಡವಾಳ. ಅದು ಸರಕಾರದ ಹಣವೂ ಅಲ್ಲ, ಸಚಿವರ ಹಣವೂ ಅಲ್ಲ.

ನಿಗಮಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1957ರ ಜೂನ್ ತಿಂಗಳಿನಲ್ಲಿ ಅದು ಹರಿದಾಸ ಮುಂಧ್ರಾ ಎಂಬ ಉದ್ಯಮಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗಳಿಗೆ ಕೊಂಡಿತು. ಆಗಿನ ಕಾಲಕ್ಕೆ ಇದು ಬಹು ದೊಡ್ಡ ಮೊತ್ತ. ಮುಂಧ್ರಾ ಆಗಲೇ ಹಣಕಾಸಿನ ಇಕ್ಕಟ್ಟಿಗೆ ಸಿಲುಕಿದ್ದವನು. ಇಂತಹ ಖರೀದಿಗಳಲ್ಲಿ ಸಲಹೆ ನೀಡಲೆಂದೇ ನಿಗಮದಲ್ಲಿ ಒಂದು ಸಮಿತಿಯಿತ್ತು. ಆ ಸಮಿತಿಗೆ ವಿಷಯ ತಿಳಿದದ್ದು ವ್ಯವಹಾರ ಮುಗಿದ ಮೇಲೆ!

ಈ ಸಂಗತಿಯನ್ನೆಲ್ಲ ಫಿರೋಜ್ ಗಾಂಧಿಯವರು ಅಂಕಿ ಅಂಶಗಳ ಸಮೇತ ಸಭೆಯ ಮುಂದಿಟ್ಟರು. ಮರುದಿನ ದೇಶದ ಪತ್ರಿಕೆಗಳು ಅದನ್ನು ನಿರ್ಭಯವಾಗಿ ಪ್ರಕಟಿಸಿದವು. ಸಂಸತ್ತಿನಲ್ಲಿ ನಡೆದುದನ್ನು ಯಥಾವತ್ತಾಗಿ ವರದಿಮಾಡುವ ಪತ್ರಿಕೆಗಳಿಗೆ ಮೊಕದ್ದಮೆಯ ಭಯವಿಲ್ಲದಂತೆ ಮಾಡಿದ ಕಾಯಿದೆ 1956ರಲ್ಲಿಯೇ ಬಂದಿತ್ತು. ಅದರ ಮಸೂದೆಯನ್ನು ತಂದವರೂ ಫಿರೋಜ್ ಗಾಂಧಿಯವರೇ ಎಂಬುದು ನೆನಪಿಡತಕ್ಕ ಮಾತು.

ಸರಕಾರವು ತನಿಖೆಗೆ ಒಪ್ಪಿತು. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ನೇಮಕವಾಯಿತು. ವಿಚಾರಣೆಯು ಮುಚ್ಚಿದ ಬಾಗಿಲ ಹಿಂದೆ ನಡೆಯಬಾರದೆಂಬುದು ಛಾಗ್ಲಾ ಅವರ ನಿಶ್ಚಯ. ಕೇಳಲು ಬಂದ ಜನರಿಗೆ ಒಳಗೆ ಸ್ಥಳ ಸಾಲದಾಗಿ ಹೊರಗೆ ಧ್ವನಿವರ್ಧಕಗಳನ್ನು ಅಳವಡಿಸಬೇಕಾಯಿತು. ಕೇಂದ್ರದ ಹಣಕಾಸಿನ ಸಚಿವರೂ ಅವರ ಇಲಾಖೆಯ ಪ್ರಧಾನ ಕಾರ್ಯದರ್ಶಿಯೂ ಸಾಕ್ಷಿಗಳಾಗಿ ಬಂದು ಪ್ರಶ್ನೆಗಳಿಗೆ ಉತ್ತರಿಸುವುದನ್ನು ಸಾಮಾನ್ಯ ಜನರು ಕಿವಿಯಾರೆ ಕೇಳಿದರು.

ಆ ಸಚಿವರು ಟಿ. ಟಿ. ಕೃಷ್ಣಮಾಚಾರಿ. ಅವರು ಸಾಮಾನ್ಯರಲ್ಲ. ಸಂವಿಧಾನದ ಕರಡು ಸಮಿತಿಯಲ್ಲಿ ದುಡಿದವರು. ದೇಶದಲ್ಲಿ ನಯಾ ಪೈಸೆಯ ನಾಣ್ಯ ಪದ್ಧತಿ ಜಾರಿಗೆ ಬಂದುದು ಅವರು ಹಣಕಾಸಿನ ಸಚಿವರಾಗಿದ್ದಾಗ. ಶ್ರೀಮಂತರ ಮೇಲೆ ಸಂಪತ್ತಿನ ತೆರಿಗೆಯನ್ನು ಹಾಕಿದವರೂ ಅವರೇ. ಈ ವ್ಯವಹಾರದಲ್ಲಿ ಅವರು ಒಂದು ಕಾಸನ್ನಾದರೂ ಮುಟ್ಟಿದರೆಂಬ ಆರೋಪ ಅವರ ಮೇಲಿರಲಿಲ್ಲ. ಷೇರುಗಳ ಖರೀದಿಗೆ ತಾವು ಒಪ್ಪಿಗೆ ಕೊಟ್ಟಿರಲಿಲ್ಲ, ಅದು ಕಾರ್ಯದರ್ಶಿಯ ಕೆಲಸ ಎಂಬುದು ಅವರ ವಾದ. ಕಾರ್ಯದರ್ಶಿ ಎಚ್. ಎಂ. ಪಟೇಲರಾದರೋ ಸಚಿವರಿಗೆ ತಿಳಿಯದೆ ಏನೂ ನಡೆದಿಲ್ಲವೆಂದು ಹೇಳಿದರು. ಇಬ್ಬರೂ ಮೇಧಾವಿಗಳು, ಇಬ್ಬರೂ ಅನುಭವಿಗಳು. ಆದರೆ ಆದೇಶ ಯಾರದೆಂಬುದಕ್ಕೆ ಇಬ್ಬರ ಮಾತೂ ಒಂದಾಗಲಿಲ್ಲ.

ಛಾಗ್ಲಾ ಅವರ ವರದಿಯು 1958ರ ಫೆಬ್ರವರಿಯಲ್ಲಿ ಸರಕಾರದ ಕೈ ಸೇರಿತು. ಅದರ ಸಾರವು ಸರಳವಾದುದು. ಇಲಾಖೆಯ ಅಧಿಕಾರಿಗಳು ಮಾಡಿದ ಕಾರ್ಯಕ್ಕೆ ಸಂಸತ್ತಿನ ಮುಂದೆ ಉತ್ತರ ಹೇಳಬೇಕಾದವರು ಸಚಿವರು. ಅಧಿಕಾರಿಯು ಸದನದಲ್ಲಿ ಎದ್ದು ನಿಂತು ಮಾತನಾಡುವಂತಿಲ್ಲ. ಜನರು ಅವನನ್ನು ಚುನಾಯಿಸಿಯೂ ಇಲ್ಲ. ಕೀರ್ತಿ ಬಂದಾಗ ಅದನ್ನು ಸ್ವೀಕರಿಸುವ ಸಚಿವರು ತಪ್ಪು ನಡೆದಾಗ ತಮಗೆ ತಿಳಿಯದೆಂದು ಕಾರ್ಯದರ್ಶಿಯ ಕಡೆಗೆ ಬೆರಳು ತೋರಿಸಿದರೆ, ಪ್ರಜೆಯು ಯಾರನ್ನು ಕೇಳಬೇಕು? ಈ ನಿಯಮ ಕಠಿನವೆಂದು ತೋರುವುದು ಸಹಜ. ತನ್ನ ಕೈಯಾರೆ ಮಾಡದ ತಪ್ಪಿಗೆ ಒಬ್ಬನು ದಂಡ ತೆರಬೇಕೆ ಎಂದು ಆಗಲೂ ಅನೇಕರು ಕೇಳಿದರು. ನೆಹರೂ ಅವರಿಗೂ ತಮ್ಮ ಸಹೋದ್ಯೋಗಿಯ ಪ್ರಾಮಾಣಿಕತೆಯಲ್ಲಿ ಸಂದೇಹವಿರಲಿಲ್ಲ. ಅವರನ್ನು ಕಳೆದುಕೊಳ್ಳುವುದು ಅವರಿಗೆ ಬಹಳ ವ್ಯಥೆಯನ್ನುಂಟುಮಾಡಿತು.

ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಮುಂಗಡಪತ್ರವನ್ನು ಮಂಡಿಸಲು ಕೆಲವೇ ದಿನಗಳು ಉಳಿದಿದ್ದವು. ಬೇರೆ ಸಚಿವರು ಸಿದ್ಧರಿರಲಿಲ್ಲವಾದ್ದರಿಂದ ಫೆಬ್ರವರಿ 28ರಂದು ಪ್ರಧಾನಮಂತ್ರಿಗಳೇ ಅದನ್ನು ಲೋಕಸಭೆಯ ಮುಂದಿಟ್ಟರು.

ಇದಾದ ಮೇಲೆ ಒಬ್ಬೊಬ್ಬರ ಬಾಳೂ ಒಂದೊಂದು ದಾರಿ ಹಿಡಿಯಿತು. ಮುಂಧ್ರಾ ಸೆರೆವಾಸ ಅನುಭವಿಸಿದನು. ಫಿರೋಜ್ ಗಾಂಧಿಯವರು 1960ರಲ್ಲಿ, ಇನ್ನೂ ನಲವತ್ತೆಂಟು ತುಂಬುವ ಮೊದಲೇ, ನಿಧನರಾದರು. ಕೃಷ್ಣಮಾಚಾರಿಯವರು 1962ರಲ್ಲಿ ಮತ್ತೆ ಮಂತ್ರಿಮಂಡಲ ಸೇರಿ, ಮರುವರ್ಷ ಹಣಕಾಸಿನ ಖಾತೆಯನ್ನೇ ವಹಿಸಿಕೊಂಡರು. ಬೇರೆ ಆರೋಪಗಳು ಎದ್ದಾಗ 1965ರ ಕೊನೆಯಲ್ಲಿ ಎರಡನೆಯ ಬಾರಿಗೆ ಅದನ್ನು ಬಿಟ್ಟರು. ಎಚ್. ಎಂ. ಪಟೇಲರು ಸರಕಾರಿ ಸೇವೆಯಿಂದ ಹೊರಬಂದು ರಾಜಕೀಯ ಪ್ರವೇಶಿಸಿದರು. 1977ರಲ್ಲಿ ಜನತಾ ಪಕ್ಷದ ಸರಕಾರ ಬಂದಾಗ ಅವರು ಹಣಕಾಸಿನ ಸಚಿವರಾದರು. ಒಂದು ಕಾಲಕ್ಕೆ ತಾವು ಕಾರ್ಯದರ್ಶಿಯಾಗಿ ದುಡಿದಿದ್ದ ಇಲಾಖೆಯ ಪರವಾಗಿ ಸಂಸತ್ತಿನಲ್ಲಿ ಎದ್ದು ನಿಂತು ಉತ್ತರ ಹೇಳುವ ಸರದಿ ಈಗ ಅವರದಾಯಿತು.