ಗ್ರೀನ್ ಕಾರ್ಡಿನ ಬಾಡಿಗೆ

ಆರು ತಿಂಗಳಿಗೊಮ್ಮೆ ಅಮೆರಿಕದ ನೆಲವನ್ನು ಮುಟ್ಟಿ ಬಂದರೆ ಗ್ರೀನ್ ಕಾರ್ಡು ಭದ್ರವೆಂಬ ಮಾತು ನಮ್ಮ ಉಡುಪಿಯ ಸೀಮೆಯಲ್ಲಿ, ಮದುವೆಯೂಟದ ಪಂಕ್ತಿ ಮೊದಲ್ಗೊಂಡು ಬ್ಯಾಂಕಿನ ಸರತಿಯವರೆಗೆ, ವೇದವಾಕ್ಯವಾಗಿ ಸಂಚರಿಸುತ್ತಿರುವುದನ್ನು, ಪತ್ನಿಯ ವೀಸಾವನ್ನು ನಿರೀಕ್ಷಿಸುತ್ತ ಕಾಪುವಿನ ತಂದೆಯ ಮನೆಯಲ್ಲಿ ತಂಗಿರುವ ನಾನು ಮೇಲಿಂದ ಮೇಲೆ ಕೇಳಿದ್ದೇನೆ. ಮಾತು ಅರ್ಧ ಸತ್ಯ. ಗೈರುಹಾಜರಿ 180 ದಿನಗಳನ್ನು ಮೀರಿದರೆ ಹೊಸದಾಗಿ ಪ್ರವೇಶ ಕೋರುವವನಂತೆ ವಿಚಾರಣೆಗೆ ಗುರಿಯಾಗಬಹುದು. ಒಂದು ವರ್ಷವನ್ನೇ ಮೀರಿದರೆ, ರೀ-ಎಂಟ್ರಿ ಪರ್ಮಿಟ್ ಇಲ್ಲದೆ ಆ ಕಾರ್ಡೊಂದೇ ಪ್ರವೇಶಕ್ಕೆ ಸಲ್ಲದು. ಆದರೆ ದಿನಗಳ ಗಣನೆಗಿಂತ ಮಿಗಿಲಾದ ಪ್ರಶ್ನೆ, ನಿನ್ನ ಕಾಯಂ ಬಿಡಾರವೆಲ್ಲಿ ಎಂಬುದು. ಅದಕ್ಕೆ ಬಾಯಿಮಾತಿನ ಉತ್ತರ ಸಾಲದಾಗಿ, ಬಾಡಿಗೆಯ ಕರಾರು, ತೆರಿಗೆಯ ವಿವರ, ಬ್ಯಾಂಕಿನ ಖಾತೆಗಳೇ ಸಾಕ್ಷಿ ನುಡಿಯಬೇಕಾಗುವುದರಿಂದ, ಇದನ್ನು ಹಣಕಾಸಿನ ವಿಷಯವೆಂದೇ ನಾನು ಗಣಿಸಿದ್ದೇನೆ.

ಅಲ್ಲಿ ಒಂದು ಪುಟ್ಟ ಕೋಣೆಯ ಬಾಡಿಗೆಯನ್ನು, ಬೀಗ ಹಾಕಿಯೇ ಇದ್ದರೂ, ತಿಂಗಳು ತಿಂಗಳು ತೆರುತ್ತಿದ್ದೇನೆ. ಇದು ಶುದ್ಧ ದುಂದೆಂದು ಬಂಧುಗಳ ಅಭಿಪ್ರಾಯ. ಆದರೆ ಪತ್ನಿಯ ಪೋಷಣೆಗೆ ನಾನು ಬರೆದುಕೊಡಬೇಕಾದ ಐ-864 ಪ್ರಮಾಣಪತ್ರವು, ಆದಾಯವು ಬಡತನದ ಮಾನದಂಡದ ಶೇಕಡಾ 125ರಷ್ಟಿರಬೇಕೆಂದು ವಿಧಿಸುವುದರ ಜೊತೆಗೆ, ಬರೆದುಕೊಡುವವನ ನೆಲೆಯೂ ಅಮೆರಿಕದಲ್ಲಿಯೇ ಇರತಕ್ಕದ್ದೆಂದು ಕೇಳುವುದಾದ್ದರಿಂದ, ಆ ಬಾಡಿಗೆಯು ನನ್ನ ಕಾರ್ಡಿಗೂ ಆಕೆಯ ವೀಸಾಕ್ಕೂ ಏಕಕಾಲದಲ್ಲಿ ಆಧಾರವಾಗಿದೆ. ಇದರ ಮುಂದೆ ಸರಕಾರದ ಶುಲ್ಕಗಳು ಅಲ್ಪ: 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ, ಪತ್ನಿಗಾಗಿ ಸಲ್ಲಿಸುವ ಆನ್‌ಲೈನ್ ಐ-130 ಅರ್ಜಿಗೆ 625 ಡಾಲರು, ಪರ್ಮಿಟ್ಟಿಗೆ 630. ಎರಡು ವರ್ಷಗಳವರೆಗೆ ನಡೆಯುವ ಈ ಪರ್ಮಿಟ್ಟಿನ ಅರ್ಜಿಯನ್ನು ಅಮೆರಿಕದಲ್ಲಿದ್ದುಕೊಂಡೇ ಸಲ್ಲಿಸಬೇಕೆಂಬುದನ್ನು ಮಾತ್ರ ಹೊರಡುವ ಮುನ್ನ ನೆನೆಯತಕ್ಕದ್ದು.

1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನೂ ಹೆತ್ತ ಉಡುಪಿಯಲ್ಲಿ ಸಲಹೆಗಾರರಿಗೆ ಬರವೆಲ್ಲಿಯದು? ಊರಲ್ಲೇ ಇದ್ದೀರಲ್ಲ, ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿಸಿಬಿಡಿ ಎಂದು ಕೌಂಟರಿನಾಚೆಯಿಂದ ಒಬ್ಬರು ಸದ್ಭಾವದಿಂದಲೇ ಸೂಚಿಸಿದರು. ಮಣಿಪಾಲದ ಒಂದು ಸಂಸ್ಥೆಯಿಂದ ಕಾಯಂ ಹುದ್ದೆಯ ಆಹ್ವಾನವೂ ಬಂದಿತು. ನಮ್ಮ ವಿದೇಶಿ ವಿನಿಮಯದ ಫೆಮಾ ಕಾನೂನು ಸಹ, ನೌಕರಿಗೋ ವ್ಯಾಪಾರಕ್ಕೋ ಅನಿಶ್ಚಿತ ಕಾಲದ ವಾಸಕ್ಕೋ ಬಂದೆಯಾ ಎಂದು ಬಂದವನ ಉದ್ದೇಶವನ್ನೇ ವಿಚಾರಿಸುತ್ತದೆ. ಇಲ್ಲಿಯ ಕೌಂಟರಿನಲ್ಲಿ ಊರಿಗೆ ಮರಳಿದೆನೆಂದೂ ಅಲ್ಲಿಯ ಕೌಂಟರಿನಲ್ಲಿ ತಾತ್ಕಾಲಿಕವಾಗಿ ಹೋಗಿದ್ದೆನೆಂದೂ ಸಹಿ ಹಾಕುವವನು ತನ್ನ ವಿರುದ್ಧ ತಾನೇ ಸಾಕ್ಷಿಯನ್ನು ಸಿದ್ಧಪಡಿಸುತ್ತಾನೆ. ಹುದ್ದೆಯನ್ನು ವಿನಯದಿಂದ ನಿರಾಕರಿಸಿದೆ. ತೆರಿಗೆ ಒಪ್ಪಂದವನ್ನು ಆಶ್ರಯಿಸಿ, ಅಮೆರಿಕದ ಅನಿವಾಸಿಯೆಂದು ವಿವರ ಸಲ್ಲಿಸಿ ಒಂದಿಷ್ಟು ಡಾಲರು ಉಳಿಸುವ ಉಪಾಯವಂತೂ, ಕಾರ್ಡನ್ನು ಸ್ವಹಸ್ತದಿಂದ ಹಿಂದಿರುಗಿಸುವುದಕ್ಕೆ ಹೆಚ್ಚು ದೂರವಿಲ್ಲ.

ನಮ್ಮವರಿಗೆ ಹೊಳೆಯದಿರುವ ಇನ್ನೊಂದು ಸಂಗತಿಯುಂಟು. ತಂದೆಯ ಠೇವಣಿಗೆ ಮಗನ ಹೆಸರನ್ನು 'ಐದರ್ ಆರ್ ಸರ್ವೈವರ್' ಎಂದು ಸೇರಿಸುವುದು ಈ ಜಿಲ್ಲೆಯ ಮನೆಮನೆಯ ಪದ್ಧತಿ. ಮಗನು ಗ್ರೀನ್ ಕಾರ್ಡು ಪಡೆದವನಾದರೆ, ಹಣ ಅವನದಲ್ಲದಿದ್ದರೂ, ಇಲ್ಲಿಯ ಅವನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಎಂದಾದರೂ 10,000 ಡಾಲರುಗಳನ್ನು ದಾಟಿದ್ದಲ್ಲಿ, ಆ ಠೇವಣಿಯನ್ನೂ ಕೂಡಿಸಿ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕದ ಸರಕಾರಕ್ಕೆ ಸಲ್ಲಿಸಬೇಕು.

ಇಷ್ಟೆಲ್ಲ ಕಾಪಾಡಿಕೊಂಡು ಜೊತೆಯಾಗಿ ಕಾಯುವುದು ಲಾಭವೇ ಎಂಬ ಪ್ರಶ್ನೆ ಕಾರ್ಕಳದ ಮಾವನವರ ಮನೆಯಲ್ಲಿ ಎದ್ದಿತು. ಕಾಯಂ ನಿವಾಸಿಯ ಪತ್ನಿಗೆ ಸಲ್ಲುವ ಎಫ್2ಎ ವರ್ಗಕ್ಕೆ ವಾರ್ಷಿಕ ಮಿತಿಯಿದೆ. 2019ರ ಜುಲೈಯಿಂದ 2023ರ ಮಾರ್ಚಿನವರೆಗೆ ಸರತಿಯೇ ಇರದಿದ್ದು, ಏಪ್ರಿಲಿನಲ್ಲಿ ಅದು ಮತ್ತೆ ಕಟ್ಟಿಕೊಂಡಿತು. ಆ ಸುಭಿಕ್ಷದ ಕಾಲದಲ್ಲಿ ವೀಸಾ ಪಡೆದವರ ದೃಷ್ಟಾಂತವನ್ನೇ ಇಂದಿಗೂ ನಮ್ಮ ಮುಂದೆ ಹಿಡಿಯುವವರಿದ್ದಾರೆ. ನಾಗರಿಕನ ಪತ್ನಿಗಾದರೋ ಈ ಮಿತಿಯಿಲ್ಲ. ಆದರೆ ನಾಗರಿಕತ್ವಕ್ಕೆ ಐದು ವರ್ಷಗಳ ಅಖಂಡ ವಾಸ ಬೇಕು. ಆರು ತಿಂಗಳಿಗೆ ಮೀರಿದ ಗೈರುಹಾಜರಿಯಿಂದ ಆ ವಾಸ ತುಂಡಾಯಿತೆಂದೇ ಮೊದಲು ಊಹಿಸುತ್ತಾರೆ. ಪರ್ಮಿಟ್ಟು ಕಾರ್ಡನ್ನು ಕಾಯಬಲ್ಲುದೇ ಹೊರತು ಈ ಎಣಿಕೆಯನ್ನು ಕಾಯದು. ಎಂದ ಮೇಲೆ ಪತ್ನಿಯ ಸಂಗಡ ಇಲ್ಲಿ ಹೆಚ್ಚು ಕಾಲ ತಂಗಿದಷ್ಟೂ ಆಕೆಯ ನಿರೀಕ್ಷೆಯನ್ನು ನಾನೇ ದೀರ್ಘಗೊಳಿಸುವೆನೆಂಬುದು, ಹೃದಯಕ್ಕೆ ಒಪ್ಪದಿದ್ದರೂ, ಲೆಕ್ಕದ ಪುಸ್ತಕಕ್ಕೆ ನಿರ್ವಿವಾದ.

ಆದಕಾರಣ ನಾನು ಹಿಂದಿರುಗಿ ಐದು ವರ್ಷಗಳನ್ನು ಪೂರೈಸುವುದೆಂದೂ, ಊರಿನ ಭೇಟಿಗಳನ್ನು ಕೆಲವೇ ವಾರಗಳಿಗೆ ಮೊಟಕುಗೊಳಿಸುವುದೆಂದೂ ಇಬ್ಬರೂ ನಿಶ್ಚಯಿಸಿದೆವು. ವಿಮಾನದ ಟಿಕೆಟ್ಟುಗಳಿಂದ ಉಳಿಯುವ ಹಣ, ಮುಂಬಯಿಯ ಸಂದರ್ಶನಕ್ಕೂ ವೈದ್ಯಕೀಯ ಪರೀಕ್ಷೆಗೂ ಒದಗಲೆಂದು, ಈಗ ಕಾರ್ಕಳದಲ್ಲಿ ಆಕೆಯ ಹೆಸರಿನ ಪಿಗ್ಮಿ ಖಾತೆಗೆ ಜಮೆಯಾಗುತ್ತಿದೆ.